ಬೇಲಿ ಕರೆಂಟಿಗೆ ಜೀವ ಹೋದರೆ ಆರೋಪಿ ಯಾರು? ಲೆಕ್ಕ ಹಾಕುವುದು ಹೀಗೆ

ಮಲೆನಾಡಿನಲ್ಲಿ ಭತ್ತ ತೆನೆ ಬಿಡುವ ಹೊತ್ತಿಗೆ ಕಾಡುಹಂದಿ ಕಾಟ ಶುರು. ಐಬೆಕ್ಸ್ ಸೋಲಾರ್ ಬೇಲಿ ಹಾಕಿಸಲು ದುಡ್ಡಿಲ್ಲದವರು, ಇಲ್ಲವೇ ಅಷ್ಟು ದುಡ್ಡು ಯಾಕೆ ಸುರಿಯಬೇಕು ಅನ್ನುವವರು, ಪಂಪ್‌ಸೆಟ್ ಲೈನಿನಿಂದಲೇ ಗದ್ದೆ ಸುತ್ತ ಜಿಐ ತಂತಿಗೆ ಕರೆಂಟ್ ಬಿಡುತ್ತಾರೆ. ಸೋಲಾರ್ ಬೇಲಿಯಲ್ಲಿ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ನೇರ ಲೈನಿನ ತಂತಿ ಹಾಗಲ್ಲ, ಹಿಡಿದರೆ ಬಿಡುವುದಿಲ್ಲ. ಹಂದಿ ಸಾಯುತ್ತದೆ, ಕೆಲವು ಸಲ ಆನೆ, ಕೆಲವು ಸಲ ಮನುಷ್ಯ.

ಮನುಷ್ಯ ಸತ್ತ ದಿನ ಊರಿನಲ್ಲಿ ಎರಡೇ ಮಾತು. ಒಂದು, "ಗದ್ದೆ ಯಾರದ್ದೋ ಅವನ ಮೇಲೆ ಕೇಸ್ ಹಾಕಿ." ಇನ್ನೊಂದು, "ಎಲ್ಲರ ಹೆಸರೂ ಬರೆಸಿಬಿಡಿ, ಕೋರ್ಟ್ ನೋಡಿಕೊಳ್ಳಲಿ." ಎರಡೂ ಕೆಟ್ಟ ಸಲಹೆ. ಮೊದಲನೆಯದರಲ್ಲಿ ತಪ್ಪು ಮಾಡಿದವನು ಹೊರಗೇ ಉಳಿಯಬಹುದು. ಎರಡನೆಯದರಲ್ಲಿ ಏಳೆಂಟು ಜನರ ನಡುವೆ ಅವನು ಆರಾಮಾಗಿ ಮರೆಯಾಗುತ್ತಾನೆ, ಏಕೆಂದರೆ ಸುಮ್ನೆ ಸೇರಿಸಿದ ಹೆಸರುಗಳು ಬಿದ್ದುಹೋದಾಗ ಅವುಗಳ ಜೊತೆ ಇಡೀ ಕೇಸಿನ ಮೇಲಿನ ನಂಬಿಕೆಯೂ ಬಿದ್ದುಹೋಗುತ್ತದೆ.

ದೂರು ಬರೆಯಲು ಕೂತ ಮನೆಯವರಿಗೆ, ಅವರ ಜೊತೆ ಸ್ಟೇಷನ್‌ಗೆ ಹೋಗುವ ಪಂಚಾಯ್ತಿ ಸದಸ್ಯರಿಗೆ, ಸುದ್ದಿ ಬರೆಯುವ ಹುಡುಗರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ವಕೀಲರನ್ನು ನೋಡಲೇಬೇಕು. ಆದರೆ ಅವರ ಎದುರು ಕೂರುವ ಮೊದಲೇ ನಿಮ್ಮ ತಲೆಯಲ್ಲಿ ಲೆಕ್ಕ ಸರಿಯಿದ್ದರೆ ಅರ್ಧ ಕೆಲಸ ಆದ ಹಾಗೆ.

ಊಹೆಯ ಒಂದು ಕೇಸ್ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಕಡೆಯ ಒಂದು ಊರು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಗದ್ದೆಯನ್ನು ಊರಿನವರೊಬ್ಬರು ಗೇಣಿಗೆ ಮಾಡುತ್ತಿದ್ದಾರೆ. (ಕಾಗದದ ಮೇಲೆ ಗೇಣಿ 1974ರಲ್ಲೇ ಹೋಯಿತು, ಊರಲ್ಲಿ ಹೋಗಿಲ್ಲ, ನಿಮಗೂ ಗೊತ್ತು.) ಗೂಟ ಹೊಡೆದು ತಂತಿ ಎಳೆದದ್ದು ಕೂಲಿಗೆ ಬಂದವನು. ಪಂಪ್‌ಸೆಟ್ ಶೆಡ್ಡಿನಿಂದ ಜೋಡಿಸಿಕೊಟ್ಟದ್ದು ಪಕ್ಕದೂರಿನ ವೈರಿಂಗ್ ಕೆಲಸದವನು. ದಿನಾ ಸಂಜೆ ಸ್ವಿಚ್ ಹಾಕುವುದು ಗೇಣಿಗೆ ಮಾಡುವವರ ಹದಿನೈದು ವರ್ಷದ ಮಗ. ಲೈನ್ ನೋಡಲು ಬರುವ ಪವರ್‌ಮ್ಯಾನ್ ಇದನ್ನು ಕಂಡಿದ್ದ. ಪಕ್ಕದ ಮನೆಯವರಿಗೂ ಗೊತ್ತಿತ್ತು. ಒಂದು ರಾತ್ರಿ ತಮ್ಮ ಗದ್ದೆಗೆ ನೀರು ನೋಡಲು ಹೊರಟ ಹಿರಿಯರೊಬ್ಬರು ಅಂಚಿನ ಮೇಲೆ ಕಾಲು ಜಾರಿ ತಂತಿ ಮೇಲೆ ಬಿದ್ದರು.

ಈಗ ಯಾರು ಆರೋಪಿ?

ಮೊದಲು ಹೆಸರು ಬರೆಯಬೇಡಿ, ಕೆಲಸ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ನಡೆದ ಕೆಲಸಗಳನ್ನು ಬರೆಯಿರಿ: ತಂತಿ ತಂದದ್ದು, ಗೂಟ ಹೊಡೆದದ್ದು, ಲೈನಿಗೆ ಜೋಡಿಸಿದ್ದು, ಸ್ವಿಚ್ ಹಾಕಿದ್ದು, ಬೋರ್ಡು ಹಾಕದೇ ಬಿಟ್ಟದ್ದು, ಸತ್ತ ಮೇಲೆ ತಂತಿ ಕಿತ್ತದ್ದು. ಆಮೇಲೆ ಪ್ರತಿ ಕೆಲಸದ ಮುಂದೆ ಮಾಡಿದವರು ಯಾರು, ಆಗ ಅವರಿಗೆ ಏನು ಗೊತ್ತಿತ್ತು, ಅದನ್ನು ಹೇಳಲು ಸಾಕ್ಷಿ ಯಾರು ಅಂತ ಬರೆಯಿರಿ. ಮಾಡದೇ ಬಿಟ್ಟದ್ದೂ ಕೆಲಸವೇ, ಆದರೆ ಮಾಡಲೇಬೇಕಾದ ಹೊಣೆ ಕಾನೂನಿನ ಪ್ರಕಾರ ಅವರ ಮೇಲೆ ಇದ್ದರೆ ಮಾತ್ರ. ಈ "ಹೊಣೆ ಇತ್ತಾ" ಅನ್ನುವ ಪ್ರಶ್ನೆಯನ್ನು ಜನ ಹಾರಿಸಿಬಿಡುತ್ತಾರೆ, ಕೇಸ್ ಬೀಳುವುದು ಅಲ್ಲೇ ಜಾಸ್ತಿ.

ಹಾಳೆಯ ಮೇಲ್ಗಡೆ ಘಟನೆಯ ದಿನಾಂಕ ದೊಡ್ಡದಾಗಿ ಬರೆಯಿರಿ. 2024ರ ಜುಲೈ 1ರಿಂದ ಈಚೆಗೆ ನಡೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್. ಅದಕ್ಕೂ ಹಿಂದಿನದಕ್ಕೆ 1860ರ ಹಳೆಯ ಐಪಿಸಿ. ದೂರು ಕೊಟ್ಟ ದಿನ ಅಲ್ಲ, ಅಪರಾಧ ನಡೆದ ದಿನ ಲೆಕ್ಕಕ್ಕೆ ಬರುವುದು. ಇದು ಬರೀ ನಂಬರ್ ಬದಲಾದ ವಿಷಯ ಅಲ್ಲ. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಐಪಿಸಿ 304ಎ ಪ್ರಕಾರ ಹೆಚ್ಚೆಂದರೆ 2 ವರ್ಷ ಜೈಲು ಇತ್ತು. ಬಿಎನ್‌ಎಸ್ 106(1) ಪ್ರಕಾರ ಅದು 5 ವರ್ಷದವರೆಗೆ ಹೋಗಬಹುದು.

ಕಲಂ ಆರಿಸುವಾಗ ಎಲ್ಲ ನಿಂತಿರುವುದು "ಗೊತ್ತಿತ್ತಾ" ಅನ್ನುವುದರ ಮೇಲೆ. ಜಾಗ್ರತೆ ಮಾಡಲಿಲ್ಲ, ಅಷ್ಟೇ ಆದರೆ 106. ಇದರಿಂದ ಜೀವ ಹೋಗುವ ಸಾಧ್ಯತೆ ಇದೆ ಅಂತ ಗೊತ್ತಿದ್ದೂ ಮಾಡಿದ ಅಂತ ತೋರಿಸಬಹುದಾದರೆ ಬಿಎನ್‌ಎಸ್ 105, ಕೊಲೆಯಲ್ಲದ ನರಹತ್ಯೆ. ಕೊಲ್ಲುವ ಉದ್ದೇಶ ಇಲ್ಲದೆ ಬರೀ ಆ ಅರಿವು ಇದ್ದರೂ ಅದರಲ್ಲಿ 10 ವರ್ಷದವರೆಗೆ ಶಿಕ್ಷೆ ಇದೆ. ಹಾಗಾದರೆ ಹುಡುಕಬೇಕಾದದ್ದು ಏನು? ಹೋದ ವರ್ಷ ಅದೇ ತಂತಿಗೆ ದನ ಸತ್ತಿತ್ತಾ? ಯಾರಾದರೂ ಬೈದು ಹೇಳಿದ್ದರಾ? ಆ ಅಂಚು ಊರವರು ದಿನಾ ಓಡಾಡುವ ದಾರಿಯಾ? ವಾಟ್ಸಾಪ್‌ನಲ್ಲಿ "ರಾತ್ರಿ ಆ ಕಡೆ ಬರಬೇಡಿ, ಕರೆಂಟ್ ಇದೆ" ಅಂತ ಮೆಸೇಜ್ ಹಾಕಿದ್ದರಾ? ತನ್ನನ್ನು ಉಳಿಸುತ್ತದೆ ಅಂತ ಅವನು ಹಾಕಿದ ಮೆಸೇಜೇ ಅವನಿಗೆ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ.

ಒಬ್ಬೊಬ್ಬರನ್ನಾಗಿ ನೋಡೋಣ

ಪಹಣಿಯಲ್ಲಿ ಹೆಸರಿರುವವರು. ಅಜ್ಜ ಇಲ್ಲ. ಬೆಂಗಳೂರಿನ ಮೊಮ್ಮಗ ಜಮೀನಿನ ವಾರಸುದಾರ ಇರಬಹುದು, ಅಷ್ಟಕ್ಕೇ ಅವನು ಅಪರಾಧಿ ಆಗುವುದಿಲ್ಲ. ತಂತಿ ಹಾಕಲು ಅವನು ಹೇಳಿದ್ದನಾ, ದುಡ್ಡು ಕಳಿಸಿದ್ದನಾ, ಗೊತ್ತಿದ್ದೂ ತನ್ನ ಮೀಟರ್ ಬಳಸಲು ಬಿಟ್ಟಿದ್ದನಾ ಅಂತ ನೋಡಬೇಕು. ಅದಕ್ಕೇ ಪಹಣಿಗಿಂತ ಪಂಪ್‌ಸೆಟ್‌ನ ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ಮುಖ್ಯ. ಬಿಲ್ ಯಾರ ಹೆಸರಿಗೆ ಬರುತ್ತದೆ, ಶೆಡ್ಡಿನ ಬೀಗದ ಕೀ ಯಾರ ಹತ್ತಿರ ಇರುತ್ತದೆ, ಕಳೆದ ಕೊಯ್ಲಿನ ಭತ್ತ ಮಾರಿದ್ದು ಯಾರು, ಇವು ಜಮೀನು ಯಾರ ಕೈಯಲ್ಲಿತ್ತು ಅಂತ ಹೇಳುತ್ತವೆ. ಪಹಣಿ ನೋಡಿ ಆರೋಪಿ ಮಾಡಿದರೆ ಮೊದಲ ದಿನವೇ ಅವನ ವಕೀಲರು ಬೆಂಗಳೂರಿನ ಹಾಜರಿ ಪುಸ್ತಕ ತಂದು ಮುಂದಿಡುತ್ತಾರೆ.

ಗೇಣಿಗೆ ಮಾಡುವವರು. ಬೆಳೆ ಅವರದ್ದು, ನಿರ್ಧಾರ ಅವರದ್ದು, ತಂತಿ ಅವರು ಹೇಳಿ ಹಾಕಿಸಿದ್ದು. ಇಲ್ಲಿ ಅನುಮಾನ ಕಡಿಮೆ. "ನನ್ನ ಗದ್ದೆಯೊಳಗೆ ಅವರೇ ಬಂದರು" ಅನ್ನುವ ವಾದ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹಳೆಯದು. 1960ರ ದಶಕದಲ್ಲಿ ಬಿಹಾರದ ಚೆರುಬಿನ್ ಗ್ರೆಗರಿ ಕೇಸ್ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತನ್ನ ಪಾಯಿಖಾನೆಗೆ ಬೇರೆಯವರು ಬರಬಾರದು ಅಂತ ಆತ ಬರಿಗಂಬಿಗೆ ಕರೆಂಟ್ ಕೊಟ್ಟಿದ್ದ, ಪಕ್ಕದ ಮನೆಯ ಹೆಂಗಸು ಸತ್ತರು. ಒಪ್ಪಿಗೆಯಿಲ್ಲದೆ ಒಳಗೆ ಬಂದವರು ಅನ್ನುವ ಕಾರಣಕ್ಕೆ ಅವರ ಜೀವಕ್ಕೆ ಬೆಲೆ ಇಲ್ಲ ಅನ್ನಲಾಗದು ಅಂತ ಕೋರ್ಟ್ 304ಎ ಶಿಕ್ಷೆಯನ್ನು ಎತ್ತಿಹಿಡಿಯಿತು. ಆಸ್ತಿ ಕಾಯುವ ಹಕ್ಕಿನ ಮಾತೂ ನಡೆಯಲಿಲ್ಲ. "ಇದು ಆಕಸ್ಮಿಕ" ಅನ್ನುವುದೂ ಕಷ್ಟ. ಬಿಎನ್‌ಎಸ್ 18ರ ಆಕಸ್ಮಿಕ ಅನ್ನುವ ರಕ್ಷಣೆ ಸಿಗಬೇಕಾದರೆ ಮಾಡುತ್ತಿದ್ದ ಕೆಲಸ ಕಾನೂನುಬದ್ಧವಾಗಿರಬೇಕು, ಸರಿಯಾದ ರೀತಿಯಲ್ಲಿ, ಬೇಕಾದಷ್ಟು ಜಾಗ್ರತೆಯಿಂದ ಮಾಡಿರಬೇಕು. ಬೇಲಿಗೆ ನೇರ ಲೈನ್ ಕೊಡುವುದು ಮೊದಲ ಮೆಟ್ಟಿಲಲ್ಲೇ ಬೀಳುತ್ತದೆ.

ಕೂಲಿಯವನು. ಇವನ ವಿಷಯದಲ್ಲಿ ಅವಸರ ಮಾಡಬೇಡಿ. ಗೂಟ ಹೊಡೆದು ತಂತಿ ಎಳೆಯುವುದು ಅಪರಾಧ ಅಲ್ಲ, ಸೋಲಾರ್ ಬೇಲಿಗೂ ಅದನ್ನೇ ಮಾಡುತ್ತಾರೆ. ನೇರ ಲೈನ್ ಕೊಡುತ್ತಾರೆ ಅಂತ ಅವನಿಗೆ ಗೊತ್ತಿರಲಿಲ್ಲ ಅಂದರೆ ಅವನು ಸಾಕ್ಷಿ, ಅದೂ ಒಳ್ಳೆಯ ಸಾಕ್ಷಿ. ಗೊತ್ತಿತ್ತು ಅಂದರೆ "ಧಣಿ ಹೇಳಿದರು, ಮಾಡಿದೆ" ಅನ್ನುವುದು ಅವನನ್ನು ಉಳಿಸದು. ಯಜಮಾನನ ಮಾತು ಕಾನೂನಿನ ಆಜ್ಞೆ ಅಲ್ಲ. ಆದರೂ ಬಡವನ ಹೆಸರೇ ಮೊದಲು ಎಫ್‌ಐಆರ್‌ಗೆ ಬರುವುದನ್ನು ನೋಡಿ ನೋಡಿ ಸಾಕಾಗಿದೆ. ಅವನನ್ನು ಎ1, ಅಂದರೆ ಮೊದಲ ಆರೋಪಿ, ಮಾಡಿದರೆ ಒಳ್ಳೆಯ ಸಾಕ್ಷಿಯನ್ನು ನೀವೇ ಕೈಯಾರೆ ಕಳೆದುಕೊಂಡಂತೆ.

ವೈರಿಂಗ್‌ನವನು. ಇವನಿಗೆ ಗೊತ್ತಿರಲಿಲ್ಲ ಅನ್ನಲು ದಾರಿಯೇ ಇಲ್ಲ. ಬರಿ ತಂತಿಗೆ ಲೈನ್ ಕೊಟ್ಟರೆ ಏನಾಗುತ್ತದೆ ಅನ್ನುವುದು ಅವನ ಕಸುಬಿನ ಮೊದಲ ಪಾಠ. ಅವನೇ ಜೋಡಿಸಿದ ಅನ್ನುವುದಕ್ಕೆ ಸಾಕ್ಷಿ ಬೇಕು, ಅಷ್ಟೇ. ಫೋನ್ ಕರೆ, ಗೂಗಲ್ ಪೇ, ಫೋನ್‌ಪೇಯಲ್ಲಿ ಬಂದ ಕೂಲಿ ದುಡ್ಡು ಇವೆಲ್ಲ ಸಿಗುತ್ತವೆ. ತಂತಿ ಮಾರಿದ ಅಂಗಡಿಯವನನ್ನು ಸೇರಿಸಬೇಡಿ, ಅವನು ತಂತಿ ಮಾರಿದ, ಅಷ್ಟೇ.

ಸ್ವಿಚ್ ಹಾಕಿದ ಹುಡುಗ. ಹದಿನೆಂಟು ತುಂಬದವನ ಕೇಸ್ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಹದಿನಾರರಿಂದ ಹದಿನೆಂಟರವರನ್ನು ದೊಡ್ಡವರಂತೆ ವಿಚಾರಣೆ ಮಾಡುವ ಅವಕಾಶ ಇರುವುದು ಘೋರ ಅಪರಾಧಗಳಿಗೆ ಮಾತ್ರ, ಇವನಿಗೆ ಹದಿನೈದು. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರವರೆಗೆ, ಆ ಮಗುವಿಗೆ ತಾನು ಮಾಡುತ್ತಿರುವುದು ಏನು ಅಂತ ತಿಳಿಯುವಷ್ಟು ಬುದ್ಧಿ ಬಲಿತಿತ್ತಾ ಅಂತ ನೋಡುತ್ತಾರೆ. ಇಲ್ಲಿ ಹೇಳಬೇಕಾದ್ದು ಇಷ್ಟು: ಮಗನ ಕೈಯಿಂದ ಮಾಡಿಸಿದ ಅಪ್ಪ ಅದರಿಂದ ಪಾರಾಗುವುದಿಲ್ಲ. ಹುಡುಗನ ಹೆಸರು, ಫೋಟೋ ಮಾತ್ರ ಗ್ರೂಪ್‌ಗಳಲ್ಲಿ ಹಾಕಬೇಡಿ, ಹಾಕುವುದೇ ಅಪರಾಧ.

ಪವರ್‌ಮ್ಯಾನ್. ಜನರ ಸಿಟ್ಟು ಎಲ್ಲಕ್ಕಿಂತ ಜಾಸ್ತಿ ಇವನ ಮೇಲೆ, ಕೇಸ್ ಎಲ್ಲಕ್ಕಿಂತ ಕಷ್ಟ ಆಗುವುದೂ ಇವನದ್ದೇ. ನೋಡಿಯೂ ಸುಮ್ಮನಿದ್ದ, ನಿಜ. ಪಕ್ಕದ ಮನೆಯವರ ಹಾಗಲ್ಲ ಇವನು, ಲೈನ್ ನೋಡಿಕೊಳ್ಳುವುದೇ ಇವನ ನೌಕರಿ, ಹಾಗಾಗಿ ಹೊಣೆ ಅನ್ನುವುದು ಇದೆ. ಆದರೆ ಸಾವಿಗೆ ನೇರ ಕಾರಣ ಯಾವುದು ಅಂತ ಕೋರ್ಟ್ ಕೇಳುತ್ತದೆ. ಬಾಂಬೆಯ ಬಣ್ಣದ ಕಾರ್ಖಾನೆಗೆ ಬೆಂಕಿ ಬಿದ್ದು ಕೆಲಸಗಾರರು ಸತ್ತ ಕುರ್ಬಾನ್ ಹುಸೇನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಲೈಸೆನ್ಸ್ ಷರತ್ತು ಮುರಿದು ಕಾರ್ಖಾನೆ ನಡೆಸಿದ್ದು ತಪ್ಪು. ಆದರೆ ಬೆಂಕಿ ಹೊತ್ತಿದ್ದು ಒಬ್ಬ ಕೆಲಸಗಾರ ಬಿಸಿ ಡಾಂಬರಿಗೆ ಅವಸರದಲ್ಲಿ ಟರ್ಪೆಂಟೈನ್ ಸುರಿದದ್ದರಿಂದ. ಹಾಗಾಗಿ ಮಾಲೀಕನ ಮೇಲೆ 304ಎ ನಿಲ್ಲಲಿಲ್ಲ, ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ ಸಣ್ಣ ಅಪರಾಧ ಮಾತ್ರ ನಿಂತಿತು. ಪವರ್‌ಮ್ಯಾನ್ ಬಗ್ಗೆಯೂ ಅದೇ ಪ್ರಶ್ನೆ ಏಳುತ್ತದೆ. ದುಡ್ಡು ತೆಗೆದುಕೊಂಡು ಬಿಟ್ಟಿದ್ದ, ಇಲ್ಲವೇ ತಾನೇ ಲೈನ್ ತೋರಿಸಿಕೊಟ್ಟಿದ್ದ ಅಂದರೆ ಮಾತು ಬೇರೆ, ಆಗ ಅದು ನೆರವು ಕೊಟ್ಟದ್ದು, ಬಿಎನ್‌ಎಸ್ 45ರ ಕುಮ್ಮಕ್ಕಿನ ಲೆಕ್ಕಕ್ಕೆ ಬರುತ್ತದೆ. ಬರೀ ನೋಡಿದ್ದ ಅಂದರೆ ಇಲಾಖೆಯ ಶಿಸ್ತುಕ್ರಮವೇ ಗಟ್ಟಿ ದಾರಿ.

ಪಕ್ಕದ ಮನೆಯವರು, ಬೇಲಿಯ ಬಗ್ಗೆ ಗೊತ್ತಿದ್ದೂ ಮಾತಾಡದವರು. ಬೇಜಾರು ಆಗುತ್ತದೆ, ಆದರೆ ಅಷ್ಟಕ್ಕೇ ಅವರು ಸಾವಿನ ಆರೋಪಿಗಳಲ್ಲ. ಸತ್ತ ಮೇಲೆ ಹೆಣ ಎಳೆದು ತೋಡಿನ ಹತ್ತಿರ ಹಾಕಿದವರು, ಬೆಳಗಾಗುವುದರೊಳಗೆ ತಂತಿ ಸುತ್ತಿ ಅಟ್ಟಕ್ಕೆ ಹಾಕಿದವರು ಮಾತ್ರ ಬೇರೆ. ಸಾಕ್ಷಿ ನಾಶಕ್ಕೆ ಬಿಎನ್‌ಎಸ್ 238 ಇದೆ. ಸಾವಿನಲ್ಲಿ ಕೈ ಇಲ್ಲದವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಇಂಥ ಕೇಸುಗಳಲ್ಲಿ ಮನೆಯ ಹೆಂಗಸರು, ನೆಂಟರು ಒಳಗೆ ಬರುವುದು ಹೀಗೆಯೇ, ಗಾಬರಿಯಲ್ಲಿ ಯಾರೋ ಹೇಳಿದ್ದನ್ನು ಮಾಡಿ.

"34 ಹಾಕಿಬಿಡಿ" ಅನ್ನುವ ಚಟ

ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಲು ಹಳೆಯ ಐಪಿಸಿ 34, ಈಗಿನ ಬಿಎನ್‌ಎಸ್ 3(5), ಬಹಳ ಜನಪ್ರಿಯ. ಸಮಾನ ಉದ್ದೇಶದಿಂದ ಹಲವರು ಸೇರಿ ಮಾಡಿದರೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಷ್ಟು ಹೊಣೆ ಅನ್ನುತ್ತದೆ ಅದು. ಹೊಡೆದಾಟದಲ್ಲಿ ಒಬ್ಬ ಹಿಡಿದುಕೊಂಡ, ಇನ್ನೊಬ್ಬ ಕತ್ತಿ ಬೀಸಿದ ಅನ್ನುವಲ್ಲಿ ಸರಿ ಹೊಂದುತ್ತದೆ. ನಿರ್ಲಕ್ಷ್ಯದ ಕೇಸಿನಲ್ಲಿ ಹಾಗೆ ಸುಲಭವಾಗಿ ಹೊಂದುವುದಿಲ್ಲ. ಸಾಯಿಸುವ ಉದ್ದೇಶವೇ ಇಲ್ಲ ಅಂತ ನೀವೇ 106 ಹಾಕಿ, ಉದ್ದೇಶ ಎಲ್ಲರಿಗೂ ಒಂದೇ ಇತ್ತು ಅಂದರೆ ಎದುರು ವಕೀಲರು ಬಿಡುತ್ತಾರಾ? ಪ್ರತಿಯೊಬ್ಬನ ನಿರ್ಲಕ್ಷ್ಯ ಏನು ಅಂತ ಬೇರೆ ಬೇರೆಯಾಗಿ ತೋರಿಸುವುದೇ ಕ್ಷೇಮ.

ಐದು ಅಥವಾ ಜಾಸ್ತಿ ಜನ ಸೇರಿ ಮಾಡಿದ ಗಲಾಟೆಗೆ ಬಿಎನ್‌ಎಸ್ 190, ಹಳೆಯ 149. ಅಲ್ಲಿ ಹೊಡೆಯದವನೂ ಗುಂಪಿನ ಉದ್ದೇಶ ಹಂಚಿಕೊಂಡಿದ್ದರೆ ಹೊಣೆಗಾರ. ರಥೋತ್ಸವದಲ್ಲೋ ಮೈದಾನದಲ್ಲೋ ಗಲಾಟೆ ಆದಾಗ ನೋಡಲು ನಿಂತವರ ಹೆಸರೂ ಬರುವುದು ಇದರಿಂದಲೇ. ಮಸಾಲ್ತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಎಚ್ಚರಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ: ದೊಡ್ಡ ಗುಂಪಿನ ಕೇಸಿನಲ್ಲಿ ಒಬ್ಬನ ಹೆಸರನ್ನು ಎರಡು ಮೂರು ಸಾಕ್ಷಿಗಳಾದರೂ ಒಂದೇ ರೀತಿ ಹೇಳುತ್ತಾರಾ ಅಂತ ನೋಡಿ. ಆರೋಪಿ ಪಟ್ಟಿ ಮಾಡುವ ಮೊದಲೇ ಈ ಜರಡಿ ನೀವೇ ಹಿಡಿಯಿರಿ.

ಕುಡಿದಿದ್ದ ಅನ್ನುವುದು ರಕ್ಷಣೆ ಅಲ್ಲ, ತಾನಾಗಿ ಕುಡಿದಿದ್ದರೆ. ತಿಳಿಯದಂತೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತ್ರ ಬೇರೆ ಲೆಕ್ಕ. ತಲೆ ಸರಿಯಿರಲಿಲ್ಲ ಅನ್ನುವುದಕ್ಕೆ ಬಿಎನ್‌ಎಸ್ 22 ಇದೆ, ಆದರೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅನ್ನುವ ಚೀಟಿ ಸಾಲದು. ಆ ಕೆಲಸ ಮಾಡಿದ ಹೊತ್ತಿನಲ್ಲೇ ಏನು ಮಾಡುತ್ತಿದ್ದೇನೆ, ಅದು ತಪ್ಪು ಅಂತ ತಿಳಿಯುವ ಶಕ್ತಿ ಇರಲಿಲ್ಲ ಅಂತ ತೋರಿಸಬೇಕು, ತೋರಿಸುವ ಭಾರ ಆರೋಪಿಯದ್ದು.

ಮಾಡದವನೂ ಹೊಣೆ ಆಗುವ ಕಡೆಗಳು

ಸಾಮಾನ್ಯವಾಗಿ ಒಬ್ಬನ ಅಪರಾಧಕ್ಕೆ ಇನ್ನೊಬ್ಬನಿಗೆ ಶಿಕ್ಷೆ ಇಲ್ಲ. ಕಾನೂನು ಬಾಯಿಬಿಟ್ಟು ಹೇಳಿದ ಕಡೆ ಮಾತ್ರ ಉಂಟು. ನಿಮಗೆ ದಿನಾ ಕಾಣುವ ಉದಾಹರಣೆ ಬೈಕ್. ಹೈಸ್ಕೂಲ್ ಹುಡುಗನಿಗೆ ಬೈಕ್ ಕೊಟ್ಟರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು ಅಂತ ಕೋರ್ಟ್ ಮೊದಲೇ ಊಹಿಸಿಕೊಳ್ಳುತ್ತದೆ. 3 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಶಿವಮೊಗ್ಗದಲ್ಲಿ ಅಪ್ಪನಿಗೆ, ಅಮ್ಮನಿಗೆ ಈ ದಂಡ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ನನಗೆ ಗೊತ್ತಿಲ್ಲದೇ ಒಯ್ದ, ನಾನು ತಡೆಯಲು ಎಲ್ಲ ಮಾಡಿದ್ದೆ ಅಂತ ಪೋಷಕರೇ ಸಾಬೀತು ಮಾಡಬೇಕು. ಕೀಯನ್ನು ಗೋಡೆಯ ಮೊಳೆಗೆ ನೇತುಹಾಕಿ ಹಾಗೆ ಹೇಳುವುದು ಕಷ್ಟ.

ಇನ್ನೊಂದು ಕಲ್ಲು ಕ್ವಾರಿ, ಕ್ರಷರ್. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಸುತ್ತಲ ಜಿಲ್ಲೆಗಳಲ್ಲೂ ಭೂಕಂಪ ಅಂತ ಜನ ಮನೆಯಿಂದ ಹೊರಗೆ ಓಡಿದ್ದು ನೆನಪಿರಬೇಕು. ಇಂಥ ಕಡೆ ಜಮೀನು ಒಬ್ಬರದ್ದು, ಲೀಸ್ ಇನ್ನೊಬ್ಬರದ್ದು, ಕ್ರಷರ್ ಮತ್ತೊಬ್ಬರದ್ದು, ಸ್ಫೋಟಕ ಎಲ್ಲಿಂದಲೋ ಬಂದದ್ದು, ಸತ್ತವರು ಲೋಡ್ ಇಳಿಸಲು ಬಂದ ಕೂಲಿಗಳು. ಒಂದೇ ಕಾನೂನಿನಿಂದ ಎಲ್ಲರನ್ನೂ ಹಿಡಿಯಲಾಗದು. ಸ್ಫೋಟಕಕ್ಕೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ ಇದೆ, ಅದರಲ್ಲಿ ದುಡ್ಡು ಕೊಟ್ಟವನು, ಜಾಗ ಕೊಟ್ಟವನು, ಸಾಮಾನು ಒದಗಿಸಿದವನು ಎಲ್ಲರಿಗೂ ಹೊಣೆ ಇದೆ. ಅಕ್ರಮ ಗಣಿಗಾರಿಕೆಗೆ 1957ರ ಗಣಿ ಕಾಯ್ದೆ, ಅದರ 23ನೇ ಕಲಂ ಪ್ರಕಾರ ಕಂಪನಿ ಅಪರಾಧ ಮಾಡಿದರೆ ಆ ಹೊತ್ತಿನಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವರೂ ತಪ್ಪಿತಸ್ಥರು. ಬಿಎನ್‌ಎಸ್‌ನಲ್ಲಿ ಅಂಥ ಸಾಮಾನ್ಯ ಕಲಂ ಇಲ್ಲ. ಡೈರೆಕ್ಟರ್ ಅನ್ನುವ ಒಂದೇ ಕಾರಣಕ್ಕೆ ಒಬ್ಬನನ್ನು ಆರೋಪಿ ಮಾಡಲಾಗದು, ಅವನದೇ ಪಾತ್ರ ತೋರಿಸಬೇಕು ಅಂತ ಸುನಿಲ್ ಭಾರ್ತಿ ಮಿತ್ತಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಹಾಗಾಗಿ ಯಾವ ಕಾಯ್ದೆಯಲ್ಲಿ ಯಾರು ಅಂತ ಹಾಳೆಯಲ್ಲಿ ಬೇರೆ ಬೇರೆ ಸಾಲು ಮಾಡಿ.

ಪರಿಹಾರವನ್ನು ಇದರ ಜೊತೆ ಕಲಸಬೇಡಿ. ಕಂಬದ ಲೈನ್ ಹರಿದು ಬಿದ್ದು ಸತ್ತರೆ ವಿದ್ಯುತ್ ಕಂಪನಿ ತನ್ನ ತಪ್ಪು ಇರಲಿ ಬಿಡಲಿ ಪರಿಹಾರ ಕೊಡಬೇಕು ಅನ್ನುವ ತತ್ವವನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಮಧ್ಯಪ್ರದೇಶದ ಕೇಸೊಂದರಲ್ಲಿ ಒಪ್ಪಿದೆ. ಅದು ದುಡ್ಡಿನ ಹೊಣೆ. ಆ ತೀರ್ಪು ಹಿಡಿದು ಎಂಜಿನಿಯರನ್ನು ಜೈಲಿಗೆ ಕಳಿಸಲಾಗದು.

ಸ್ಟೇಷನ್, ಕೋರ್ಟ್

ಮೊದಲು ಯುಡಿಆರ್ ಆಗುವುದು ಸಾಮಾನ್ಯ, ಅಂದರೆ ಅಸಹಜ ಸಾವು ಅಂತ ದಾಖಲೆ. ಅದನ್ನೇ ಎಫ್‌ಐಆರ್ ಅಂದುಕೊಂಡು ಮನೆಗೆ ಬರಬೇಡಿ. ಸ್ಥಳ ಮಹಜರು ಆಗುವ ತನಕ ತಂತಿ, ಗೂಟ, ಶೆಡ್ಡಿನ ಜೋಡಣೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ, ದೂರದಿಂದ ವಿಡಿಯೋ ಮಾಡಿ. ಲೈನ್ ಆಫ್ ಆಗಿದೆ ಅಂತ ಖಾತ್ರಿಯಾಗದೆ ಹತ್ತಿರ ಹೋಗಲೇಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ತಾಲೂಕು ಆಸ್ಪತ್ರೆಯಲ್ಲೋ ಮರಣೋತ್ತರ ಪರೀಕ್ಷೆ ಆದ ಮೇಲೆ ವಿದ್ಯುತ್ ಪರಿವೀಕ್ಷಕರ ವರದಿ ಕೇಳಿ. ಕರೆಂಟ್ ಎಲ್ಲಿಂದ ಬಂತು, ಹೇಗೆ ಜೋಡಿಸಿದ್ದರು ಅಂತ ತಿಳಿದವರು ಬರೆಯುವ ಕಾಗದ ಅದು, ಇಡೀ ಕೇಸಿನ ಬೆನ್ನೆಲುಬು.

ದೂರಿನಲ್ಲಿ ಕಂಡದ್ದನ್ನು ಕಂಡೆ ಅಂತಲೂ ಕೇಳಿದ್ದನ್ನು ಕೇಳಿದೆ ಅಂತಲೂ ಬರೆಯಿರಿ. ಖಚಿತ ಇಲ್ಲದ ಹೆಸರಿನ ಜಾಗದಲ್ಲಿ "ಜೋಡಿಸಿಕೊಟ್ಟವರು ಯಾರೆಂದು ತನಿಖೆ ಮಾಡಬೇಕು" ಅಂತ ಬರೆದರೆ ಸಾಕು. ಎಫ್‌ಐಆರ್‌ನಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ, ತನಿಖೆಯಲ್ಲಿ ಸೇರಿಸಬಹುದು. 106ರಂಥ ಕೇಸಿನಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್, ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 173(3) ಪೊಲೀಸರಿಗೆ ಅವಕಾಶ ಕೊಡುತ್ತದೆ, ಅಷ್ಟು ದಿನ ತಡವಾದರೆ ಗಾಬರಿ ಬೇಡ. ದೂರೇ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ.

ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸ್ ಮುಗಿಸುವ ವರದಿ, ಹಾಕಿದರೆ ಕೋರ್ಟಿನಿಂದ ನಿಮಗೆ ನೋಟಿಸ್ ಬರುತ್ತದೆ, ತಕರಾರು ಅರ್ಜಿ ಹಾಕಿ. ಆಗ ನಿಮ್ಮ ಹಾಳೆ ಕೆಲಸಕ್ಕೆ ಬರುತ್ತದೆ, ಯಾವ ಕೆಲಸದ ಬಗ್ಗೆ ತನಿಖೆಯೇ ಆಗಿಲ್ಲ ಅಂತ ಬೆರಳಿಟ್ಟು ತೋರಿಸಬಹುದು. ಚಾರ್ಜ್‌ಶೀಟ್‌ನಲ್ಲಿ ವೈರಿಂಗ್‌ನವನ ಹೆಸರು ಬಿಟ್ಟುಹೋಗಿದ್ದು, ವಿಚಾರಣೆಯಲ್ಲಿ ಕೂಲಿಯವನು ಸಾಕ್ಷಿ ಹೇಳುತ್ತಾ ಅವನೇ ಜೋಡಿಸಿದ್ದು ಅಂದರೆ, ಬಿಎನ್‌ಎಸ್‌ಎಸ್ 358ರ ಪ್ರಕಾರ ಅವನನ್ನೂ ಆರೋಪಿಯಾಗಿ ಕರೆಸಲು ಕೋರ್ಟಿಗೆ ಅಧಿಕಾರ ಇದೆ. ಆದರೆ ಅದಕ್ಕೆ ಬರೀ ಅನುಮಾನ ಸಾಲದು, ಆರೋಪ ಹೊರಿಸಲು ಬೇಕಾದದ್ದಕ್ಕಿಂತ ಗಟ್ಟಿ ಸಾಕ್ಷಿ ಬೇಕು ಅಂತ 2014ರ ಹರ್ದೀಪ್ ಸಿಂಗ್ ಕೇಸಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹಾಗಾಗಿ ಸಾಕ್ಷಿ ಹೇಳಿದ ದಿನವೇ ಅದರ ಪ್ರತಿಗೆ ಅರ್ಜಿ ಹಾಕಿ, ಸರ್ಕಾರಿ ವಕೀಲರನ್ನು ಕಂಡು ಮಾತಾಡಿ. ಕೋರ್ಟ್ ಆ ಆದೇಶ ಮಾಡಬೇಕಾದದ್ದು ಶಿಕ್ಷೆ ಅಥವಾ ಬಿಡುಗಡೆಯ ಆದೇಶ ಹೊರಬೀಳುವ ಮೊದಲೇ.